ಹನ್ನೆರಡು ವೋಲ್ಟಿನ ಸುಳ್ಳು

ಆ ಮನುಷ್ಯನನ್ನು ಕಂಡ ಮೊದಲ ದಿನವೇ ನನಗೆ ಅವನ ಮೇಲೆ ದ್ವೇಷ ಹುಟ್ಟಿತು. ಅವನಿಗೂ ಅಷ್ಟೇ. ಶುರು ಮಾಡಿದವರು ಯಾರು ಎಂದು ಕೇಳಿದರೆ ನಾನೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಕೇಳಿದ್ದರೆ ಕೇಳಿದವನ ಮೇಲೂ ಹರಿಹಾಯುತ್ತಿದ್ದೆ.

ಸುರಪುರದಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಟ್ರ್ಯಾಕ್ಟರ್, ಜೀಪು, ಟಂಟಂ ಗಾಡಿಗಳ ವೈರಿಂಗ್ ಮಾಡುತ್ತೇನೆ. ಹೊಲದ ಪಂಪಿನ ಸ್ಟಾರ್ಟರ್ ಸುಟ್ಟರೂ ನನ್ನ ಹತ್ತಿರವೇ ತರುತ್ತಾರೆ. ಒಂದು ದಿನ ಹೊಳೆಯಾಚೆಯ ಹಳ್ಳಿಯ ಪಂಚಾಯಿತಿ ಸದಸ್ಯರು ಬೈಕಿನಲ್ಲಿ ಬಂದು ಅಂಗಡಿ ಮುಂದೆ ನಿಂತರು. ಆ ಹಳ್ಳಿಯವರಿಗೆ ಸಂತೆಗೆ, ದವಾಖಾನೆಗೆ, ಹೈಸ್ಕೂಲಿಗೆ ಕೃಷ್ಣೆ ದಾಟಿಯೇ ಬರಬೇಕು. ರಸ್ತೆ ಹಿಡಿದರೆ ಅರ್ಧ ದಿನ ಸುತ್ತು. ಅದಕ್ಕೆಂದೇ ಪಂಚಾಯಿತಿ ಒಂದು ಫೈಬರ್ ಬೋಟು ಇಟ್ಟುಕೊಂಡಿತ್ತು, ಡೀಸೆಲ್ ಇಂಜಿನ್ನಿನದು.

"ಬೋಟಿನ ಪ್ಯಾನೆಲ್ ಬಂದ್ ಬಿದ್ದೈತಿ ತಮ್ಮ. ಚಾವಿ ತಿರುವಿದ್ರ ಒಂದ್ ಲೈಟೂ ಹತ್ತವಲ್ದು."

"ನಾ ಬೋಟ್ ಯಾವತ್ತೂ ಮುಟ್ಟಿಲ್ರಿ."

"ಇಂಜಿನ್ ಅಂದ್ರ ಇಂಜಿನ್ ಬಿಡೋ. ನೀರಾಗ ಇದ್ರೇನು, ಹೊಲದಾಗ ಇದ್ರೇನು?"

ನನಗೆ ಈಜು ಬರುವುದಿಲ್ಲ ಎಂದು ಅವರಿಗೆ ಹೇಳಲಿಲ್ಲ. ಸೊಂಟದ ಮೇಲೆ ನೀರು ಬಂದರೆ ನನ್ನ ಉಸಿರು ಕಟ್ಟುತ್ತದೆ. ಆದರೂ ಕೈಚೀಲದಲ್ಲಿ ಮೀಟರು, ಇಕ್ಕಳ, ಟೇಪು ಹಾಕಿಕೊಂಡು ಅವರ ಬೈಕಿನ ಹಿಂದೆ ಕೂತೆ.

ಹೊಳೆಯ ದಂಡೆಗೆ ಬೋಟಿನ ಮೂತಿ ತಾಗಿಸಿ ಹಗ್ಗ ಕಟ್ಟಿದ್ದರು. ಒಳಗೆ ಒಬ್ಬ ಮನುಷ್ಯ ಕೂತು ಬಲೆಯ ಹರಕು ಹೊಲಿಯುತ್ತಿದ್ದ. ವಯಸ್ಸು ಐವತ್ತರ ಮೇಲೆ, ಮೈ ಒಣಗಿದ ಜಾಲಿ ಕಟ್ಟಿಗೆಯಂತೆ. ಬೋಟು ಓಡಿಸುವವನು ಅವನೇ. ಬೋಟು ಬರುವ ಮೊದಲು ಅವನೂ ಅವನ ತಮ್ಮನೂ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರಂತೆ. ಅವರ ಅಪ್ಪ, ಅಜ್ಜ ಕೂಡ ಅದೇ ಕೆಲಸದವರು. ನಾನು ದಂಡೆಯಿಂದ ಕಾಲೆತ್ತಿ ನೇರವಾಗಿ ಬೋಟಿನ ಮೂತಿಯ ಮೇಲಿಟ್ಟು ಹತ್ತಿದೆ.

"ಚಪ್ಪಲಿ ತಗಿಯಲೇ!" ಎಂದು ಅವನು ಕೂಗಿದ.

ಕೆಳಗೆ ನೋಡಿದೆ. ನನ್ನ ಚಪ್ಪಲಿ ಇದ್ದ ಜಾಗದಲ್ಲಿ ಅರಿಶಿನ, ಕುಂಕುಮ, ಒಣಗಿದ ಎರಡು ಹೂವು ಇದ್ದವು. ಅವನು ದಿನಾ ಬೆಳಿಗ್ಗೆ ಹೊಳೆಗೆ ಕೈಮುಗಿದು ಬೋಟಿಗೆ ಪೂಜೆ ಮಾಡುವ ಜಾಗ. ನಾನು ನೋಡಿರಲಿಲ್ಲ. 'ತಪ್ಪಾತ್ರಿ' ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು 'ಲೇ' ಅಂದದ್ದು ಸದಸ್ಯರ ಮುಂದೆ. ದಂಡೆಯ ಮೇಲೆ ಬಟ್ಟೆ ತೊಳೆಯುತ್ತಿದ್ದ ನಾಲ್ಕು ಜನ ಹೆಂಗಸರೂ ತಿರುಗಿ ನೋಡಿದರು.

"ಚಂದ ಮಾತಾಡು. ನಾ ನಿನ್ನ ಆಳಲ್ಲ," ಎಂದೆ. ವಯಸ್ಸಿನಲ್ಲಿ ಹಿರಿಯನಿಗೆ ಏಕವಚನ ಹಚ್ಚಿದೆ. ಚಪ್ಪಲಿ ಕಳಚಿ ದಂಡೆಗೆ ಎಸೆದೆ, ಅದೂ ಸಿಟ್ಟಿನಲ್ಲೇ.

ಅವನು ಎದ್ದು ನಿಂತ. ಬೋಟಿನ ಒಂದು ಅಂಚಿನ ಮೇಲೆ ಭಾರ ಹಾಕಿದ. ಬೋಟು ವಾಲಿತು. ನಾನು ಎರಡೂ ಕೈಯಿಂದ ಸೀಟು ಅಪ್ಪಿಕೊಂಡೆ. ಅವನ ಹಲ್ಲು ಕಂಡವು.

"ಮಿಸ್ತ್ರಿಗೆ ಈಸು ಬರಂಗಿಲ್ಲ ನೋಡ್ರಿ," ಎಂದು ಸದಸ್ಯರಿಗೆ ಹೇಳಿದ. ಹೆಂಗಸರು ನಕ್ಕರು.

ಪ್ಯಾನೆಲ್ಲಿನ ಸ್ಕ್ರೂ ಬಿಚ್ಚಿ ಹಲಗೆಯನ್ನು ಮುಂದಕ್ಕೆ ಎಳೆದೆ. ದೊಡ್ಡ ರೋಗವೇನೂ ಇರಲಿಲ್ಲ. ಬ್ಯಾಟರಿಯಿಂದ ಚಾವಿ ಸ್ವಿಚ್ಚಿಗೆ ಬರುವ ಕೆಂಪು ವೈರನ್ನು ಇಲಿ ಕಡಿದಿತ್ತು. ಪ್ಯಾನೆಲ್ಲಿಗೆ ಕರೆಂಟ್ ಬರುವ ದಾರಿ ಅದೊಂದೇ. ಅದು ಹೋದರೆ ಎಲ್ಲವೂ ಕತ್ತಲು. ಸರಿಯಾದ ಕೆಲಸವೆಂದರೆ ಆ ವೈರನ್ನು ಪೂರ್ತಿ ತೆಗೆದು ಹೊಸದು ಎಳೆಯುವುದು. ಇಲ್ಲದಿದ್ದರೆ ತುದಿಗಳನ್ನು ಉಜ್ಜಿ, ಸೋಲ್ಡರ್ ಹಾಕಿ, ಮೇಲೆ ನೀರು ಹೋಗದಂಥ ಕೊಳವೆ ಹಾಕಿ ಬಿಗಿಯುವುದು. ನಾನು ಎರಡನ್ನೂ ಮಾಡಲಿಲ್ಲ. ಎರಡು ತುದಿ ಸುಲಿದು, ಒಂದರ ಮೇಲೊಂದು ಸುತ್ತಿ ತಿರುವಿ, ಟೇಪು ಹೊಡೆದು ಹಲಗೆಯ ಹಿಂದೆ ತುರುಕಿದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಬೋಟು ತೂಗಾಡುತ್ತಿತ್ತು, ಆ ಮನುಷ್ಯ ತಲೆಯ ಮೇಲೆಯೇ ನಿಂತಿದ್ದ. ಅಲ್ಲಿಂದ ಬೇಗ ಹೋದರೆ ಸಾಕಾಗಿತ್ತು.

"ಅಷ್ಟೇ ಏನು?" ಎಂದ ಅವನು.

"ಅಷ್ಟೇ."

"ಡಾಂಬರು ಬಳದ ಹರಗೋಲಿನೊಳಗೇ ನೀರು ಹೊಗತೈತಿ. ನಿನ್ನ ಟೇಪಿನೊಳಗ ಹೊಗಂಗಿಲ್ಲೇನು?"

"ನಿನ್ನ ಬಲಿ ನೀ ಹೊಲಿ. ನನ್ನ ಕೆಲಸ ನಂಗೊತ್ತೈತಿ."

ಚಾವಿ ತಿರುವಿದಾಗ ದೀಪಗಳು ಹತ್ತಿದವು, ಇಂಜಿನ್ ಶುರುವಾಯಿತು. ನಾನು ಅವನ ಮುಖ ನೋಡದೆ ಇಳಿದು ಬಂದೆ.

ಎರಡು ತಿಂಗಳು ಯಾರೂ ಬರಲಿಲ್ಲ. ಮಳೆಗಾಲ ಹಿಡಿದು ಹೊಳೆ ತುಂಬಿದ ಮೇಲೆ ಸದಸ್ಯರು ಮತ್ತೆ ಬಂದರು. ಬೋಟು ನಡುಹೊಳೆಯಲ್ಲಿ ನಿಲ್ಲುತ್ತಿದೆ ಎಂದರು. ಪ್ಯಾನೆಲ್ ಪೂರ್ತಿ ಆರುತ್ತದೆ, ಅದರ ಹಿಂದೆಯೇ ಇಂಜಿನ್ ನಿಲ್ಲುತ್ತದೆ, ಬೋಟು ನೀರು ಎಳೆದತ್ತ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲೋ ದಂಡೆಗೆ ತಾಗಿದಾಗ ಚಾವಿ ತಿರುವಿದರೆ ಏನೂ ಆಗದಂತೆ ಶುರುವಾಗುತ್ತದೆ.

ಡೀಸೆಲ್ ಇಂಜಿನ್ನಿಗೂ ಕರೆಂಟಿಗೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ಹಳೆಯ ಟ್ರ್ಯಾಕ್ಟರನ್ನು ಒಮ್ಮೆ ಶುರು ಮಾಡಿ ಬ್ಯಾಟರಿ ಕಳಚಿದರೂ ಓಡುತ್ತದೆ. ಈ ಬೋಟಿನ ಇಂಜಿನ್ ಹಾಗಲ್ಲ. ಡೀಸೆಲ್ ಹೋಗುವ ದಾರಿಯನ್ನು ಒಂದು ಕಾಯಿಲ್ ತೆರೆದು ಹಿಡಿದಿರುತ್ತದೆ. ಕಾಯಿಲಿಗೆ ಕರೆಂಟ್ ಇರುವವರೆಗೆ ದಾರಿ ತೆರೆದಿರುತ್ತದೆ. ಕರೆಂಟ್ ಹೋದರೆ ದಾರಿ ಮುಚ್ಚಿ ಇಂಜಿನ್ ಸಾಯುತ್ತದೆ.

ನಾನು ಹೋದಾಗ ಬೋಟು ಸರಿಯಾಗಿಯೇ ಇತ್ತು. ಕಾಯಿಲಿಗೆ ಹೋಗುವ ವೈರನ್ನು ಕಳಚಿ, ಅದರ ತುದಿಗೆ ಮೀಟರಿನ ಮುಳ್ಳು ಹಚ್ಚಿದೆ. ಹನ್ನೆರಡೂವರೆ ವೋಲ್ಟು. ಚಾವಿ ಸ್ವಿಚ್ಚಿನಲ್ಲಿ ಹನ್ನೆರಡೂವರೆ. ಫ್ಯೂಜಿನ ಈಚೆ ಆಚೆ ಹನ್ನೆರಡೂವರೆ. ವೈರುಗಳನ್ನು ಅಲುಗಾಡಿಸಿದೆ, ಕುಟ್ಟಿದೆ, ಏನೂ ಬದಲಾಗಲಿಲ್ಲ.

"ಮಳಿ ಬಂದ ದಿನಾನೇ ನಿಂದರತೈತಿ," ಎಂದ ಅವನು. ನನಗಲ್ಲ, ಸದಸ್ಯರಿಗೆ. ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದ. "ಬೋಟಿನಾಗಿನ ನೀರು ಎತ್ತಾಕ ಪಂಪ್ ಹಚ್ಚಿದ್ನೆಂದ್ರ ಹತ್ತು ನಿಮಿಷದಾಗ ಬೀಳತೈತಿ. ಹೇಳ್ರಿ ಮಿಸ್ತ್ರಿಗೆ."

ಪಂಪಿಗೂ ಅದೇ ಕೆಂಪು ವೈರಿನಿಂದ ಕರೆಂಟ್ ಹೋಗುತ್ತಿತ್ತು. ಪಂಪು ಹಚ್ಚಿದರೆ ವೈರಿನ ಮೇಲೆ ಭಾರ ಹೆಚ್ಚುತ್ತದೆ, ಎಲ್ಲಿ ಗಂಟು ಸಡಿಲವಿದೆಯೋ ಅಲ್ಲಿ ಬಿಸಿಯಾಗುತ್ತದೆ. ಅಂಗಡಿಗೆ ಬಂದ ಯಾವ ರೈತ ಇದೇ ಮಾತು ಹೇಳಿದ್ದರೂ ನಾನು ಅರ್ಧ ಗಳಿಗೆಯಲ್ಲಿ ರೋಗ ಹಿಡಿಯುತ್ತಿದ್ದೆ. ಆದರೆ ಮಾತು ಅವನ ಬಾಯಿಂದ ಬಂದಿತ್ತು. ಅದನ್ನು ಕೇಳಿದೆ, ಕಿವಿಯೊಳಗೆ ಬಿಟ್ಟುಕೊಳ್ಳಲಿಲ್ಲ.

"ಪಂಪಿಗೂ ಇಂಜಿನ್ನಿಗೂ ಸಂಬಂಧಿಲ್ರಿ," ಎಂದು ನಾನೂ ಸದಸ್ಯರಿಗೇ ಹೇಳಿದೆ.

ಶಹಾಪುರಕ್ಕೆ ಹೋಗಿ ಹೊಸ ಚಾವಿ ಸ್ವಿಚ್ಚು, ಹೊಸ ಫ್ಯೂಜು ತಂದು ಹಾಕಿದೆ. ನಾಲ್ಕು ದಿನಕ್ಕೆ ಮತ್ತೆ ನಿಂತಿತು. ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿದೆ. ಮತ್ತೆ ನಿಂತಿತು. ಪ್ರತಿ ಸಲ ನಾನು ಹೋದಾಗ ಮೀಟರು ಹನ್ನೆರಡೂವರೆ ತೋರಿಸುತ್ತಿತ್ತು. ಪ್ರತಿ ಸಲ ಅವನು ದಂಡೆಯ ಮೇಲಿನ ಜನರಿಗೆ ಕೇಳುವಂತೆ ಒಂದು ಮಾತು ಎಸೆಯುತ್ತಿದ್ದ. "ದವಾಖಾನಿಗೆ ಹೋಗೋರು ನಿಂದರ್ರಿ, ಡಾಕ್ಟ್ರು ಮೊದ್ಲ ಬೋಟಿನ ನಾಡಿ ಹಿಡಿದು ನೋಡಾಕತ್ಯಾರ." ಜನ ನಗುತ್ತಿದ್ದರು. ನನ್ನ ಕಿವಿ ಸುಡುತ್ತಿತ್ತು.

ಇಪ್ಪತ್ತು ವರ್ಷದ ಕೆಲಸದಲ್ಲಿ ನನ್ನ ಕೈಗೆ ಸಿಗದ ರೋಗ ಇರಲಿಲ್ಲ ಎಂದು ನಾನು ನಂಬಿದ್ದೆ. ಈಗ ಸಿಗುತ್ತಿಲ್ಲ ಅಂದರೆ ರೋಗವೇ ಇಲ್ಲ. ರೋಗ ಇಲ್ಲದೆ ಬೋಟು ನಿಲ್ಲುತ್ತದೆ ಅಂದರೆ ಯಾರೋ ನಿಲ್ಲಿಸುತ್ತಿದ್ದಾರೆ. ಯಾರು ನಿಲ್ಲಿಸಬಹುದು? ಬೋಟು ಕೆಟ್ಟ ದಿನ ಜನ ಯಾರ ಹರಿಗೋಲು ಹತ್ತುತ್ತಾರೆ? ಅವನ ತಮ್ಮನದು. ಈ ಲೆಕ್ಕ ತಲೆಗೆ ಬಂದದ್ದು ಬೋನಾಳದ ಕೆರೆಯ ಪಕ್ಕದ ರಸ್ತೆಯಲ್ಲಿ ಬೈಕ್ ಓಡಿಸುತ್ತ ಬರುವಾಗ. ಬಂದದ್ದೇ ತಡ, ಅಕ್ಷರವೂ ಬಿಡದೆ ನಂಬಿಬಿಟ್ಟೆ. ನಂಬುವುದು ಎಷ್ಟು ಸುಲಭವಾಗಿತ್ತು ಅಂದರೆ, ನನಗೆ ಆ ದಿನ ಹಾಡು ಗುನುಗುವಷ್ಟು ಖುಷಿಯಾಗಿತ್ತು.

ಮುಂದಿನ ಸಲ ಕರೆದಾಗ ಸಂತೆಯ ದಿನ. ದಂಡೆಯ ತುಂಬ ಜನ. ನಾನು ಮೀಟರು ಹಚ್ಚಿ, ಆ ಅಂಕಿಯನ್ನು ಸದಸ್ಯರ ಕಣ್ಣೆದುರು ಹಿಡಿದೆ.

"ನೋಡ್ರಿ. ವೈರಿಂಗ್ ಸರಿ ಐತಿ, ಸ್ವಿಚ್ ಸರಿ ಐತಿ, ಬ್ಯಾಟ್ರಿ ಸರಿ ಐತಿ. ಬೋಟು ತಾನಾಗಿ ನಿಂದರಂಗಿಲ್ರಿ. ನಿಂದ್ರಸೋ ಕೈ ಬ್ಯಾರೆ ಐತಿ."

"ಯಾರ ಕೈ?" ಎಂದರು ಸದಸ್ಯರು.

"ಬೋಟ್ ಕೆಟ್ರ ಯಾರ ಹರಗೋಲು ತುಂಬತೈತಿ, ಅವ್ರನ್ನ ಕೇಳ್ರಿ."

ಅವನು ಬೋಟಿನಿಂದ ನಿಧಾನವಾಗಿ ಇಳಿದು ನನ್ನ ಹತ್ತಿರ ಬಂದ. ಅಂಗಿಯ ಎದೆ ಹಿಡಿದ.

"ಇನ್ನೊಮ್ಮೆ ಅನ್ನು."

"ಅಂದೆ. ನೀನೇ ಬಂದ್ ಮಾಡಾಕತ್ತೀದಿ."

ಅವನು ನನ್ನನ್ನು ಹೊಡೆಯಲಿಲ್ಲ. ಎಳೆದುಕೊಂಡು ಹೋಗಿ ಹೊಳೆಗೆ ನೂಕಿದ. ಮೊಣಕಾಲುದ್ದದ ನೀರು ಅಷ್ಟೇ. ಆದರೆ ನಾನು ಬಿದ್ದದ್ದು ಅಂಗಾತ. ಮೂಗು ಬಾಯಿಗೆಲ್ಲ ಕೆಸರು ನೀರು ನುಗ್ಗಿತು. ನೆಲ ಸಿಗದವನಂತೆ ಕೈಕಾಲು ಬಡಿದೆ. ಎದ್ದು ನಿಂತಾಗ ಇಡೀ ಸಂತೆಯ ಜನ ನನ್ನನ್ನು ನೋಡುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆ ನೂಕಾಟವೇ ಅವನಿಗೆ ಮುಳುವಾಯಿತು. ಕಳ್ಳನಲ್ಲದಿದ್ದರೆ ಯಾಕೆ ಸಿಟ್ಟು ಬರಬೇಕು ಎಂದು ಜನ ಮಾತಾಡಿದರು. ವಾರದೊಳಗೆ ಪಂಚಾಯಿತಿಯವರು ಅವನನ್ನು ಬೋಟಿನಿಂದ ತೆಗೆದರು. ಟ್ರ್ಯಾಕ್ಟರ್ ಓಡಿಸುತ್ತಿದ್ದ ಒಬ್ಬನನ್ನು ತಂದು ಕೂಡಿಸಿದರು. ಸುದ್ದಿ ಕೇಳಿದ ದಿನ ನಾನು ಖಾನಾವಳಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಸ್ವಲ್ಪ ದಿನಕ್ಕೆ ಅವನ ಹೆಂಡತಿ ನನ್ನ ಅಂಗಡಿಗೆ ಬಂದಳು. ತಲೆಯ ಮೇಲೆ ಮೀನಿನ ಬುಟ್ಟಿ ಇತ್ತು. ನಾನು ಯಾರದೋ ಜೀಪಿನ ಕೆಳಗೆ ಮಲಗಿದ್ದೆ. ಅವಳ ಕಾಲಷ್ಟೇ ಕಂಡವು.

"ಹೊರಗ ಬಾ ಮಿಸ್ತ್ರಿ. ಮಾರಿ ನೋಡ್ತೀನಿ."

ಹೊರಗೆ ಬಂದು ನಿಂತೆ.

"ಮೂವತ್ತು ವರ್ಷ ಹೊಳಿ ದಾಟಿಸ್ಯಾನ ನನ್ನ ಗಂಡ. ಬಸುರಿ ಬಾಣಂತೇರನ್ನ ದಾಟಿಸ್ಯಾನ, ಹೆಣ ದಾಟಿಸ್ಯಾನ. ಒಬ್ಬರನ್ನೂ ನೀರಿಗೆ ಬಿಟ್ಟಿಲ್ಲ. ಜನ ಕುಂತ ಬೋಟನ್ನ ನಡುಹೊಳ್ಯಾಗ ಬಂದ್ ಮಾಡ್ತಾನಂತ ಹೆಂಗ ಅಂದಿ ನೀ? ನಿನ್ನ ಬಾಯಾಗ ಹುಳ ಬೀಳಲಿ."

ಅಷ್ಟು ಹೇಳಿ ಅಂಗಡಿಯ ಹೊಸ್ತಿಲಿಗೆ ಉಗುಳಿದಳು. ಪಕ್ಕದ ಪಂಕ್ಚರ್ ಅಂಗಡಿಯವರು ಎದ್ದು ಬಂದರು. ನಾನು ಅವರಿಗೆ, "ತಪ್ಪು ಮಾಡಿದೋರಿಗೇ ದನಿ ಜಾಸ್ತಿ," ಎಂದೆ. ಹಾಗಂದು ಮತ್ತೆ ಜೀಪಿನ ಕೆಳಗೆ ಸೇರಿಕೊಂಡೆ. ಆದರೆ ಬಸುರಿಯರನ್ನು ದಾಟಿಸಿದ ಮಾತು ಎಲ್ಲೋ ಚುಚ್ಚಿತ್ತು. ಅಂಥವನು ಜನ ಕೂತ ಬೋಟನ್ನು ನಿಲ್ಲಿಸುತ್ತಾನೆಯೇ? ಆ ಪ್ರಶ್ನೆ ಎದ್ದಾಗಲೆಲ್ಲ ಕೆಸರು ನೀರು ಕುಡಿದದ್ದನ್ನು ನೆನಪಿಸಿಕೊಂಡು ಸಿಟ್ಟನ್ನು ಮತ್ತೆ ಕಾಯಿಸಿಕೊಳ್ಳುತ್ತಿದ್ದೆ.

ಅವನನ್ನು ತೆಗೆದ ಮೇಲಿನ ಹದಿನೈದು ದಿನ ಮಳೆ ಇರಲಿಲ್ಲ. ಬೋಟು ಒಮ್ಮೆಯೂ ನಿಲ್ಲಲಿಲ್ಲ. ನನ್ನ ಮಾತೇ ನಿಜ ಎಂದು ಎಲ್ಲರೂ ಅಂದರು. ಸದಸ್ಯರು ಖುಷಿಯಿಂದ ಬೋಟಿಗೊಂದು ಹಾರ್ನ್ ಕೂಡಿಸು ಎಂದು ಕರೆಸಿದರು.

ನಾನು ಹೋದ ದಿನ ಬೆಳಿಗ್ಗೆಯಿಂದ ಜಡಿಮಳೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು; ಹೊಳೆ ಕೆಂಪಗೆ, ಅಗಲವಾಗಿ, ಸದ್ದಿಲ್ಲದೆ ಓಡುತ್ತಿತ್ತು. ಹಾರ್ನ್ ಆಚೆ ದಂಡೆಯಲ್ಲಿ ಸದಸ್ಯರ ಮನೆಯಲ್ಲಿತ್ತು. ದಾಟಲೇಬೇಕಾಯಿತು. ಬೋಟಿನಲ್ಲಿ ಆರೇಳು ಜನ ಇದ್ದರು. ಅವರಲ್ಲಿ ಗುರುಮಠಕಲ್ ಕಡೆಯ ಒಬ್ಬ ನರ್ಸಮ್ಮ. ಹಳ್ಳಿಯ ಮಕ್ಕಳಿಗೆ ಹಾಕುವ ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹೊಸ ಚಾಲಕ ದಂಡೆ ಬಿಟ್ಟ ಕೂಡಲೇ ಪಂಪ್ ಹಚ್ಚಿದ. ಬೋಟಿನ ತಳದಲ್ಲಿ ಮಳೆ ನೀರು ತುಂಬಿತ್ತು.

ನಡುಹೊಳೆಗೆ ಬಂದೆವು. ಪ್ಯಾನೆಲ್ಲಿನ ದೀಪಗಳು ಮೊದಲು ಮಂಕಾದವು, ಆಮೇಲೆ ಆರಿದವು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಇಂಜಿನ್ ನಿಂತಾಗ ಹೊಳೆಯ ಸದ್ದು ಕೇಳಿಸಿತು. ಅಲ್ಲಿಯವರೆಗೆ ಹೊಳೆಗೆ ಸದ್ದಿಲ್ಲ ಅಂದುಕೊಂಡಿದ್ದೆ.

"ಅಯ್ಯೋ ದೇವುಡಾ," ಎಂದರು ನರ್ಸಮ್ಮ. ಬೋಟು ಅಡ್ಡಕ್ಕೆ ತಿರುಗಿ ಕೆಳಗೆ ಜಾರತೊಡಗಿತು. ಕೆಳಗಡೆ, ಒಂದು ಹೊಲದಷ್ಟು ದೂರದಲ್ಲಿ ಕರಿ ಬಂಡೆಗಳ ನೆತ್ತಿ ಕಾಣುತ್ತಿದ್ದವು. ಅಲ್ಲಿ ನೀರು ಬೆಳ್ಳಗೆ ಒಡೆಯುತ್ತಿತ್ತು. ಚಾಲಕ ಚಾವಿಯನ್ನು ತಿರುವಿ ತಿರುವಿ ನನ್ನ ಮುಖ ನೋಡಿದ.

"ಏನ್ ಮಾಡ್ಲಿರಿ ಮಿಸ್ತ್ರಿ? ಏನ್ ಮಾಡ್ಲಿ?"

ನಾನು ಎರಡೂ ಕೈಯಿಂದ ಸೀಟು ಅಪ್ಪಿಕೊಂಡಿದ್ದೆ. ಆಗ ಎಡಗಡೆಯಿಂದ ಒಂದು ಕೂಗು ಬಂತು.

"ಲಂಗರು ಬಿಡಲೇ! ಲಂಗರು! ಕಾಲ ಬುಡಕ್ಕೇ ಐತಿ ನೋಡು, ಕುರುಡ!"

ಅವನು. ಹರಿಗೋಲಿನಲ್ಲಿ ನಿಂತು ಹುಟ್ಟು ಹಾಕುತ್ತಿದ್ದ. ಬೆಳಿಗ್ಗೆ ಹಾಕಿದ ಬಲೆ ಎತ್ತಲು ಬಂದವನು ಬೋಟು ತಿರುಗಿದ್ದನ್ನು ಕಂಡಿದ್ದ. ಚಾಲಕ ತನ್ನ ಕಾಲ ಕೆಳಗಿದ್ದ ಕಬ್ಬಿಣದ ಲಂಗರನ್ನು ಎತ್ತಿ ಎಸೆದ. ಹಗ್ಗ ಸರಸರನೆ ಓಡಿ ಬಿಗಿಯಿತು. ಬೋಟು ಜಗ್ಗಿ ನಿಂತಿತು. ಒಂದು ಗಳಿಗೆ ಹಿಡಿಯಿತು, ಮತ್ತೆ ಸ್ವಲ್ಪ ಜಾರಿತು, ಮತ್ತೆ ಹಿಡಿಯಿತು.

ಅವನು ಹರಿಗೋಲನ್ನು ತಂದು ಬೋಟಿನ ಅಂಚಿಗೆ ತಾಗಿಸಿ ಒಂದು ಕೈಯಿಂದ ಹಿಡಿದುಕೊಂಡ. "ಎಲ್ಲರೂ ನಡುಕ ಸರೀರಿ. ಯಾರೂ ಎದ್ದು ನಿಂದರಬ್ಯಾಡ್ರಿ. ಕೆಳಗ ಕಲ್ಲಿನ ಹಾಸು ಐತಿ, ಲಂಗರು ಬಾಳ ಹೊತ್ತು ಹಿಡಿಯಂಗಿಲ್ಲ." ಆಮೇಲೆ ನೇರವಾಗಿ ನನಗೇ ಹೇಳಿದ: "ನಿನ್ನ ಕೆಲಸ ನಿಂಗೊತ್ತೈತಲ್ಲ. ಮಾಡು."

ಹಲಗೆ ಬಿಚ್ಚಿದೆ. ಸ್ವಿಚ್ಚಿನಿಂದ ಕೆಂಪು ವೈರು ಕಳಚಿ ಅದರ ತುದಿಗೆ ಮೀಟರು ಹಚ್ಚಿದೆ. ಹನ್ನೆರಡೂವರೆ ವೋಲ್ಟು. ಇಂಜಿನ್ ಸತ್ತು ಬಿದ್ದಿದೆ, ದೀಪ ಆರಿವೆ, ಮೀಟರು ಮಾತ್ರ ಎಲ್ಲಾ ಚೆನ್ನಾಗಿದೆ ಎನ್ನುತ್ತಿದೆ. ಆಗ ಚೀಲದ ತಳದಲ್ಲಿದ್ದ ಟ್ರ್ಯಾಕ್ಟರ್ ಹೆಡ್‌ಲೈಟಿನ ಹಳೆಯ ಬಲ್ಬು ಕೈಗೆ ಸಿಕ್ಕಿತು. ಅದಕ್ಕೆ ಎರಡು ವೈರು ಕಟ್ಟಿ ಇಟ್ಟುಕೊಂಡಿದ್ದೆ. ಅದನ್ನು ಅದೇ ತುದಿಗೆ ಹಚ್ಚಿದೆ. ಬಲ್ಬು ಹತ್ತಲಿಲ್ಲ. ಮಿಣುಕೂ ಇಲ್ಲ.

ಇದು ಗೊತ್ತಿಲ್ಲದ ವಿಷಯವಲ್ಲ. ಈ ಕೆಲಸದಲ್ಲಿ ಮೊದಲ ವರ್ಷವೇ ಕಲಿಯುವ ಪಾಠ. ಮೀಟರಿಗೆ ಕರೆಂಟ್ ಹನಿಯಷ್ಟು ಸಾಕು. ಕೂದಲೆಳೆಯಷ್ಟು ತಂತಿ ತಾಗಿದ್ದರೂ ಅದು ಪೂರ್ತಿ ವೋಲ್ಟು ತೋರಿಸುತ್ತದೆ. ಬಲ್ಬು ಭಾರ ಎಳೆಯುತ್ತದೆ. ಸಡಿಲ ಗಂಟಿನ ಬಂಡವಾಳ ಅಲ್ಲಿ ಬಯಲಾಗುತ್ತದೆ. ಬಲ್ಬು ಎಲ್ಲಾ ಸಲವೂ ನನ್ನ ಚೀಲದಲ್ಲೇ ಇತ್ತು. ಒಮ್ಮೆಯೂ ತೆಗೆದಿರಲಿಲ್ಲ.

ಕೆಂಪು ವೈರನ್ನು ಹಿಡಿದು ಹಿಂದಕ್ಕೆ ಹೋದೆ. ಹಲಗೆಯ ಹಿಂದೆ ನನ್ನ ಟೇಪಿನ ಉಂಡೆ ಬೆಚ್ಚಗಿತ್ತು. ಎಳೆದೆ, ಅಂಟು ಬಿಟ್ಟ ಟೇಪು ಸುಲಿದು ಬಂತು. ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು. ಎಳೆಗಳು ಒಂದೊಂದೇ ಕರಗಿ ಎರಡೋ ಮೂರೋ ಉಳಿದಿದ್ದವು.

ತಲೆ ಎತ್ತಿದೆ. ಅಂಚು ಹಿಡಿದುಕೊಂಡಿದ್ದ ಅವನ ಮುಖ ನನ್ನಿಂದ ಎರಡು ಮೊಳ ದೂರದಲ್ಲಿತ್ತು. ಅವನ ಕಣ್ಣು ನನ್ನ ಕೈಯ ಮೇಲಿತ್ತು. ಮಳೆ ಅವನ ಗಡ್ಡದಿಂದ ಸುರಿಯುತ್ತಿತ್ತು.

"ಅದು ನೀ ಹಾಕಿದ್ದ ಗಂಟಲ್ಲೇನು?"

ಬೋಟಿನಲ್ಲಿದ್ದ ಎಲ್ಲರೂ ನನ್ನನ್ನು ನೋಡಿದರು.

"ಇಲಿ ಕಡದೈತಿ," ಎಂದೆ.

ಸುಳ್ಳು ಅಷ್ಟು ಬೇಗ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ನಾನು ಬ್ಲೇಡಿನಿಂದ ತಾಮ್ರ ಉಜ್ಜಿ, ಹೊಳಪು ಬಂದ ಮೇಲೆ ಹೊಸದಾಗಿ ತಿರುವಿ, ಇಕ್ಕಳದಲ್ಲಿ ಬಿಗಿಹಿಡಿದು ವೈರಿನ ತುದಿಯನ್ನು ಮತ್ತೆ ಸ್ವಿಚ್ಚಿಗೆ ಸೇರಿಸಿದೆ. ಪಂಪ್ ಬಂದ್ ಮಾಡಿಸಿ, "ಚಾವಿ ತಿರುವು" ಎಂದೆ. ಇಂಜಿನ್ ಶುರುವಾಯಿತು. ಲಂಗರು ಎತ್ತಿ ಆಚೆ ದಂಡೆಗೆ ತಲುಪುವವರೆಗೆ ನಾನು ಆ ಗಂಟನ್ನು ಇಕ್ಕಳದಲ್ಲಿ ಹಿಡಿದೇ ಕೂತಿದ್ದೆ. ಅವನು ಹರಿಗೋಲು ತಿರುಗಿಸಿಕೊಂಡು ತನ್ನ ಬಲೆಯ ಕಡೆ ಹೋದ.

ಇಳಿಯುವಾಗ ನರ್ಸಮ್ಮ ನನ್ನನ್ನು ಒಮ್ಮೆ ನೋಡಿದರು. "ಇಲಿ ಕಡದ್ರ ಹಸಿರು ಆಗ್ತದೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಬ್ಬಿ ಎತ್ತಿಕೊಂಡು ನಡೆದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಮುದನಾಳದವಳು, ಮಾತು ಕಡಿಮೆ, ಆಡಿದರೆ ನೇರ. ಹೇಳುತ್ತ ಹೇಳುತ್ತ ನಾನು ಅವನ ಬೈಗುಳಗಳನ್ನೇ ಹೆಚ್ಚು ಹೇಳಿದೆ. ಹೊಳೆಗೆ ನೂಕಿದ್ದನ್ನು ಎರಡು ಸಲ ಹೇಳಿದೆ.

"ಅದೆಲ್ಲಾ ಇರ್ಲಿ. ತಪ್ಪು ಯಾರದು?" ಎಂದಳು.

"ಗಂಟು ನಂದು. ಆದ್ರ ಅಂವ..."

"ಹೋಗಿ ಹೇಳ್ರಿ. ಇಲ್ಲಾಂದ್ರ ನಾ ಹೋಗಿ ಹೇಳ್ತೀನಿ. ಆ ಹೆಣ್ಮಗಳು ನಮ್ಮ ಹೊಸ್ತಿಲಿಗೆ ಉಗುಳಿದ್ದು ನಂಗ ಗೊತ್ತಿಲ್ಲಂತ ತಿಳ್ಕೊಂಡೀರೇನು?"

ಮೂರು ದಿನ ಅವಳು ನನಗೆ ಊಟ ಬಡಿಸಿದಳು, ಮಾತಾಡಿಸಲಿಲ್ಲ. ನಾನೂ ಹಟ ಹಿಡಿದೆ. ಹೇಳಿದರೆ ಇಪ್ಪತ್ತು ವರ್ಷದ ಹೆಸರು ಹೊಳೆ ಪಾಲು. ಅದಕ್ಕಿಂತ ಹೆಚ್ಚಾಗಿ, ಅವನ ಮುಂದೆ ತಲೆ ತಗ್ಗಿಸಬೇಕು. ಆ ಗಂಟು ಬೇರೆ ಯಾರದೋ ಬೋಟಿನಲ್ಲಿದ್ದಿದ್ದರೆ ಅದೇ ಸಂಜೆಯೇ ಹೋಗಿ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನಾಲ್ಕನೇ ದಿನ ಆಕಾಶ ಮತ್ತೆ ಕಪ್ಪಾಯಿತು. ಅಂಗಡಿಯ ಮುಂದೆ ಮೊದಲ ಹನಿಗಳು ಬಿದ್ದಾಗ ಬೋಟಿನಲ್ಲಿ ಯಾರು ಯಾರು ಕೂತಿರಬಹುದು ಎಂಬ ಯೋಚನೆ ಬಂತು. ನಾನು ಇಕ್ಕಳದಲ್ಲಿ ಬಿಗಿದ ಗಂಟೇ ಇನ್ನೂ ಅಲ್ಲಿತ್ತು. ಹೊಸ ಕೆಂಪು ವೈರಿನ ಸುರುಳಿ ಎತ್ತಿಕೊಂಡು ಶಟರ್ ಎಳೆದೆ.

ದಂಡೆಯಲ್ಲಿ ಮೊದಲು ಕೆಲಸ ಮಾಡಿದೆ. ಬ್ಯಾಟರಿಯಿಂದ ಸ್ವಿಚ್ಚಿನವರೆಗೆ ಎಲ್ಲೂ ಗಂಟಿಲ್ಲದ ಒಂದೇ ವೈರು. ಪಂಪಿಗೆ ಬೇರೆ ವೈರು, ಬೇರೆ ಫ್ಯೂಜು. ಎಲ್ಲಾ ತುದಿಗೂ ಸೋಲ್ಡರ್, ಮೇಲೆ ಕೊಳವೆ. ಬಲ್ಬು ಹಚ್ಚಿ ನೋಡಿದೆ. ಕಣ್ಣು ಕುಕ್ಕುವಂತೆ ಹತ್ತಿತು. ಪಂಪ್ ಹಚ್ಚಿ ಒಂದು ಗಂಟೆ ಇಂಜಿನ್ ಓಡಿಸಿದೆ. ಆಮೇಲೆ ಸದಸ್ಯರನ್ನು ಕರೆಸಿದೆ. ಅವನನ್ನೂ ಕರೆಸಿ ಎಂದೆ. ಅವನು ಬಂದು ಹತ್ತು ಹೆಜ್ಜೆ ದೂರ ನಿಂತ. ಅವನ ಹೆಂಡತಿಯೂ ಹಿಂದೆ ಬಂದಿದ್ದಳು. ಬೋಟಿಗೆ ಕಾಯುತ್ತಿದ್ದ ಜನ ಸುತ್ತ ಸೇರಿದರು.

ಹಳೆಯ ಗಂಟನ್ನು ಅಂಗೈಯಲ್ಲಿಟ್ಟು ಸದಸ್ಯರಿಗೆ ತೋರಿಸಿದೆ.

"ಬೋಟು ನಿಂದರತಿದ್ದದ್ದು ಇದರಿಂದ್ರಿ. ಇದನ್ನ ಹಾಕಿದಾಂವ ನಾನು. ಇಲಿ ಕಡದೈತಿ ಅಂದಿದ್ದು ಸುಳ್ಳು. ಇವ್ರು ಬೋಟನ್ನ ಒಂದಿನಾನೂ ಬಂದ್ ಮಾಡಿಲ್ಲ. ಟೇಪಿನೊಳಗ ನೀರು ಹೊಗತೈತಿ ಅಂತ ಮೊದಲನೇ ದಿನಾನೇ ಹೇಳಿದ್ರು. ಪಂಪ್ ಹಚ್ಚಿದಾಗ ಬೀಳತೈತಿ ಅಂತಾನೂ ಹೇಳಿದ್ರು. ನಾ ಕೇಳ್ಲಿಲ್ಲ."

ಸದಸ್ಯರು ಬೈದರು, ಬೈಯಬೇಕಾದಷ್ಟು ಬೈದರು. ಜನರೂ ಬೈದರು. ಒಬ್ಬ ಮುದುಕ, "ನನ್ನ ಮಮ್ಮಗಳು ಆ ಬೋಟಿನಾಗ ಹೈಸ್ಕೂಲಿಗೆ ಹೋಗತಿತ್ತಲ್ಲೋ," ಎಂದು ನನ್ನ ಎದೆಗೆ ಕೋಲಿನಿಂದ ತಿವಿದ. ನಾನು ಹತ್ತು ಹೆಜ್ಜೆ ದೂರ ನಿಂತಿದ್ದ ಅವನ ಕಡೆ ತಿರುಗಿ, "ತಪ್ಪಾತ್ರಿ," ಎಂದೆ.

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಆತಲ್ಲ? ಹೇಳಿದಿ, ಕೇಳಿದೆ. ನಡಿ ಇನ್ನ."

ಅವನ ಹೆಂಡತಿ ಅಷ್ಟಕ್ಕೆ ಬಿಡಲಿಲ್ಲ. ಗಂಡ ಬೋಟು ಬಿಟ್ಟು ಮೀನು ಹಿಡಿದ ದಿನಗಳಲ್ಲಿ ಊರಲ್ಲಿ ಯಾರು ಯಾರು ಏನೇನು ಅಂದರು, ನೀರು ತರಲು ಹೋದಾಗ ಯಾರು ಮುಖ ತಿರುವಿದರು, ಎಲ್ಲವನ್ನೂ ಹೆಸರು ಹಿಡಿದು ಹೇಳಿದಳು. ಸುತ್ತ ನಿಂತವರಲ್ಲಿ ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ನಾನು ಎಲ್ಲಾ ಮುಗಿಯುವವರೆಗೆ ನಿಂತೆ. ಸದಸ್ಯರು ಅವನನ್ನು ಮರುದಿನದಿಂದಲೇ ಬೋಟಿಗೆ ಬಾ ಎಂದರು. ಅವನು ಒಪ್ಪಿಕೊಳ್ಳಲು ಎರಡು ವಾರ ತೆಗೆದುಕೊಂಡ. ಅಲ್ಲಿಯವರೆಗೆ ಸದಸ್ಯರು ದಿನಾ ಅವನ ಮನೆ ಬಾಗಿಲಿಗೆ ಹೋದರಂತೆ.

ನನ್ನ ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ನನಗೆ ಅವನು ಇಷ್ಟವಾಗಲಿಲ್ಲ. ಅವನ ನಗು, ಅವನ ಆ ಕುಹಕದ ದನಿ ಈಗಲೂ ನನಗೆ ಆಗುವುದಿಲ್ಲ. ಅವನಿಗೂ ನಾನು ಆಗುವುದಿಲ್ಲ. ಎರಡು ತಿಂಗಳಿಗೊಮ್ಮೆ ಪ್ಯಾನೆಲ್ ನೋಡಲು ಹೋಗುತ್ತೇನೆ. ನಾನು ಬಂದರೆ ಅವನು ದಂಡೆಗೆ ಹೋಗಿ ನನಗೆ ಬೆನ್ನು ಹಾಕಿ ಕೂರುತ್ತಾನೆ. ಏನಾದರೂ ಹೇಳುವುದಿದ್ದರೆ ಪಕ್ಕದವರಿಗೆ ಹೇಳುತ್ತಾನೆ: "ಚಾರ್ಜಿನ ಲೈಟು ಇಂಜಿನ್ ಹಚ್ಚಿದ್ರೂ ಆರವಲ್ದು, ಮಿಸ್ತ್ರಿಗೆ ಹೇಳು." ನಾನು ಕೇಳಿಸಿಕೊಳ್ಳುತ್ತೇನೆ. ಅವನು ಹೇಳಿದ ಜಾಗದಲ್ಲೇ ಮೊದಲು ಹುಡುಕುತ್ತೇನೆ. ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ಕಳೆದ ವರ್ಷ ಆಚೆ ಹಳ್ಳಿಯಲ್ಲಿ ಹೆಂಡತಿಯ ಕಡೆಯವರ ಮದುವೆ ಇತ್ತು. ಇಬ್ಬರೂ ಬೋಟು ಹತ್ತಿದೆವು. ಅವನು ಅವಳಿಗೆ, "ಬಾರವ್ವ, ಹುಷಾರಿ," ಎಂದು ಕೈ ಕೊಟ್ಟು ಹತ್ತಿಸಿಕೊಂಡ. ನನಗೆ ಕೊಡಲಿಲ್ಲ. ನಾನೇ ಅಂಚು ಹಿಡಿದು ಹತ್ತಿದೆ. ಬೋಟು ದಂಡೆ ಬಿಟ್ಟ ಮೇಲೆ ನನ್ನ ಹೆಂಡತಿ ಅವನನ್ನೇ ಕೇಳಿಬಿಟ್ಟಳು.

"ಅಣ್ಣಾರ, ಇವ್ರ ಮ್ಯಾಲ ಇನ್ನೂ ಸಿಟ್ಟು ಐತೇನ್ರಿ?"

ಅವನು ಮುಂದಿನ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಐತವ್ವ."

"ಇರಲಿ ಬಿಡ್ರಿ," ಎಂದಳು ಅವಳು, ಸೆರಗು ತಲೆಯ ಮೇಲೆ ಎಳೆದುಕೊಂಡು. ನಾನು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೆ. ಅವನು ಬಂಡೆಗಳನ್ನು ಬಹಳ ದೂರದಿಂದಲೇ ಬಳಸಿ, ನಮ್ಮನ್ನು ಆಚೆ ದಂಡೆಗೆ ಮುಟ್ಟಿಸಿದ.